ಸೋಮವಾರದ ಸ್ವಿಚ್ಚು

ಬೈಲಹೊಂಗಲದ ಜಿನ್ನಿಂಗ್ ಮಿಲ್ಲಿನಲ್ಲಿ ನನ್ನ ಕೆಲಸವೆಂದರೆ, ಬಂದ ಹತ್ತಿಯ ಮೂಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ನೀರು ಹೊಡೆದಿದ್ದಾರೆಯೇ ಎಂದು ನೋಡುವುದು. ತೂಕ ಹೆಚ್ಚಲೆಂದು ಹಸಿ ಮಾಡಿ ತರುವವರು ಕಡಿಮೆಯೇನಿರಲಿಲ್ಲ. ಇಪ್ಪತ್ತೈದು ವರ್ಷ ಅದನ್ನೇ ಮಾಡಿದವನಿಗೆ ಒಣಗಿದ್ದೂ ಹಸಿಯಾಗಿ ಕಾಣುತ್ತದೆ. ಮಿಲ್ಲು ಮುಚ್ಚಿದರೂ ಆ ಸಂಶಯ ನನ್ನ ಕೈಬಿಡಲಿಲ್ಲ. ಅದರಿಂದ ಒಬ್ಬ ಹೆಣ್ಣುಮಗಳ ಕೆಲಸ ಹೋಯಿತು. ಮನೆಯಲ್ಲಿ ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಮಿಲ್ಲಿನ ನಂತರ ನಾನು ಸೇರಿದ್ದು ಪೇಟೆಯ ಗೊಬ್ಬರದಂಗಡಿಯ ಮೇಲಿನ ಮಾಳಿಗೆಯಲ್ಲಿದ್ದ ಒಂದು ಸಣ್ಣ ಕಚೇರಿಗೆ. ಸಹಕಾರಿ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಹತ್ತು ಹನ್ನೆರಡು ಹುಡುಗ ಹುಡುಗಿಯರು ಅಲ್ಲಿದ್ದರು. ಬೀಗ ತೆಗೆಯುವುದು, ಕಸ ಗುಡಿಸುವುದು, ಚಹಾ ತರುವುದು ನನ್ನ ಪಾಲು. ಎಲ್ಲರಿಗೂ ನಾನು ಕಾಕಾ.

ಒಬ್ಬೊಬ್ಬರು ಒಂದೊಂದು ತುಂಡು ಬರೆಯುತ್ತಿದ್ದರು. ಮೂಲೆ ಕೋಣೆಯಲ್ಲಿದ್ದ ದೊಡ್ಡ ಕಂಪ್ಯೂಟರು ಆ ತುಂಡುಗಳನ್ನೆಲ್ಲ ಕೂಡಿಸಿ ಒಂದು ಪೂರ್ತಿ ಸಾಮಾನು ಮಾಡುತ್ತಿತ್ತು. ಅದಕ್ಕೆ ಬಿಲ್ಡ್ ಎನ್ನುತ್ತಿದ್ದರು. ಸಂಜೆಗೊಮ್ಮೆ ಹಿರಿಯ ಹುಡುಗನೊಬ್ಬ ಅದರ ಮುಂದೆ ಕುಳಿತು ಗುಂಡಿ ಒತ್ತಿದರೆ ಮುಗಿಯಲು ಒಂದು ತಾಸು. ನಡುವೆ ಎಲ್ಲೋ ತಪ್ಪು ಸಿಕ್ಕರೆ ಮತ್ತೆ ಮೊದಲಿನಿಂದ. ಆ ತಾಸಿನಲ್ಲಿ ಎಲ್ಲರೂ ಕೆಳಗಿನ ಜಗಲಿಗೆ ಬಂದು ಮಂಡಕ್ಕಿ ಗಿರಮಿಟ್ಟು ತಿಂದು, ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು. ನನಗೂ ಅದೇ ಹೊತ್ತು ಹಿತವಾಗಿತ್ತು.

ಮುನವಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಕೆಲಸಕ್ಕೆ ಸೇರಿದಳು. ಮೂರು ತಿಂಗಳಲ್ಲಿ ಆ ಸಂಜೆಯ ತಾಸು ಇಲ್ಲವಾಯಿತು. ಯಾರೇ ತಮ್ಮ ತುಂಡು ಒಳಗೆ ಹಾಕಲಿ, ಕಂಪ್ಯೂಟರು ಆ ಕ್ಷಣವೇ ತಾನಾಗಿ ಕೂಡಿಸಿ, ತಾನಾಗಿ ಪರೀಕ್ಷಿಸಿ, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತಿತ್ತು. ಅದೂ ಆರೇ ಮಿನಿಟಿನಲ್ಲಿ.

ಖಾಲಿ ಕೋಣೆಯಲ್ಲಿ, ಮುಂದೆ ಯಾರೂ ಕುಳಿತಿಲ್ಲದಾಗ, ಅದರ ಫ್ಯಾನು ಒಮ್ಮೆಲೇ ಗುಂಯ್ ಎಂದು ಏಳುವುದನ್ನು ಕಸಬರಿಗೆ ಹಿಡಿದು ನೋಡುತ್ತ ನಿಂತೆ. ಎತ್ತು ಹೊಡೆಯುವವನಿಲ್ಲದೆ ಬಂಡಿ ಹೊರಟ ಹಾಗಿತ್ತು.

"ಏನವ್ವಾ, ತಾಸಿನ ಕೆಲಸ ಆರ ಮಿನಿಟಿಗೆ ಹೆಂಗಾತು?" ಎಂದು ಕೇಳಿಯೇಬಿಟ್ಟೆ.

ಅವಳು ನಕ್ಕಳು. "ಕಾಕಾ, ನಿಮ್ಮ ಮನ್ಯಾಗ ಕಟಕ ರೊಟ್ಟಿ ಬಡದು ಇಟ್ಟಿರತಾರಲ್ಲ, ಊಟಕ್ಕ ಕುಂತಾಗೊಮ್ಮೆ ಮತ್ತ ಹೊಸಾದು ಬಡೀತಾರೇನ್ರಿ? ಪಲ್ಲೆ ಅಷ್ಟ ಹೊಸಾದು ಮಾಡತಾರ. ಇದೂ ಹಂಗ. ಬದಲಾಗಿದ್ದಷ್ಟ ಹೊಸಾದು, ಉಳದದ್ದು ಇಟ್ಟಿದ್ದು ತಗೊಳ್ಳೂದು."

ಬೇರೆ ಯಾರಾದರೂ ಆಗಿದ್ದರೆ ತಿಳಿಯಿತೆಂದು ಸುಮ್ಮನಾಗುತ್ತಿದ್ದರು. ನನಗೆ ಕೇಳಿಸಿದ್ದು ಇಷ್ಟೇ: ಹಳೆಯದನ್ನು ಹೊಸದರೊಳಗೆ ಸೇರಿಸಿ ಕೊಡುತ್ತಾಳೆ. ಮೂಟೆಯ ಮೇಲೆ ಒಣ ಹತ್ತಿ, ಒಳಗೆ ಹಸಿ. ಅಂದಿನಿಂದ ಅವಳ ಮೇಲೆ ಕಣ್ಣಿಟ್ಟೆ. ಜಗಲಿಯಲ್ಲಿ ಫೋನು ಹಿಡಿದು ಮಾತಾಡಿದರೆ ಅಲ್ಲೇ ಕಸ ಗುಡಿಸಲು ಹೋಗುತ್ತಿದ್ದೆ. ಒಮ್ಮೆ ಅವಳ ಚೀಲವನ್ನೂ ಬಿಚ್ಚಿ ನೋಡಿದೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ, ಒಂದು ನೋಟುಬುಕ್ಕು, ಬಸ್ ಪಾಸು. ಏನೂ ಸಿಗದಿದ್ದಕ್ಕೆ ಸಂಶಯ ಇನ್ನೂ ಹೆಚ್ಚಿತು.

ಈಗ ಸೋಮವಾರದ ಮಾತು. ನಮ್ಮದು ಒಕ್ಕಲುತನದ ಮನೆ. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ನಾನು ಈ ಕಚೇರಿಗೆ ಬಂದಾಗಿನಿಂದ, ಸೋಮವಾರ ಮಧ್ಯಾಹ್ನ ಹುಡುಗರು ಊಟಕ್ಕೆ ಕುಳಿತಾಗ, ಮೂಲೆ ಕೋಣೆಯ ಸ್ವಿಚ್ಚು ಆರಿಸಿ, ಕಂಪ್ಯೂಟರಿನ ನೆತ್ತಿಗೆ ಎರಡು ಬೆರಳು ವಿಭೂತಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕುತ್ತಿದ್ದೆ. ವಾರವೆಲ್ಲ ದುಡಿಯುವ ಜೀವಕ್ಕೆ ಅಷ್ಟಾದರೂ ಬಿಡುವು ಬೇಡವೇ? ಮೊದಲು ಬಿಲ್ಡ್ ಸಂಜೆಗೇ ಆಗುತ್ತಿದ್ದುದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಅದು ದಿನವಿಡೀ ದುಡಿಯುತ್ತಿತ್ತು. ಸೋಮವಾರ ಊಟ ಮುಗಿಸಿ ಬಂದವರಿಗೆ ಪರದೆಯ ತುಂಬ ಕೆಂಪು.

ಎರಡನೆಯ ಸಲ ಹಾಗಾದಾಗ ಅವಳು ನೇರ ನನ್ನ ಹತ್ತಿರ ಬಂದಳು. "ಕಾಕಾ, ಮಧ್ಯಾಹ್ನ ಕರೆಂಟ್ ಹೋಗಿತ್ತೇನ್ರಿ? ಮಷಿನ್ ಬಂದ್ ಆಗಿ ಮತ್ತ ಚಾಲೂ ಆಗೇತಿ."

ಆ ಕೆಂಪಿಗೆ ನನ್ನ ಸ್ವಿಚ್ಚೇ ಕಾರಣವೆಂದು ಆಗ ನನಗೆ ಹೊಳೆಯಿತು. ಬಾಯಿ ತೆರೆದರೆ ಮುಗಿಯುತ್ತಿತ್ತು. "ಇಲ್ಲವ್ವಾ, ಕರೆಂಟ್ ಇತ್ತಲ್ಲ" ಎಂದೆ. ಮಾತು ಸುಳ್ಳಾಗಿರಲಿಲ್ಲ, ಉತ್ತರ ಸುಳ್ಳಾಗಿತ್ತು.

ಕರೆಂಟ್ ಹೋಗದೆ ಕಂಪ್ಯೂಟರು ಕುಸಿಯುತ್ತದೆಂದರೆ ಅವಳು ಹೇರಿದ ಭಾರವೇ ಅದನ್ನು ಕೆಡವುತ್ತಿದೆ ಎಂದು ಎಲ್ಲರೂ ತಿಳಿದರು. ಹಿರಿಯ ಹುಡುಗ ಚುಚ್ಚಿದ: "ನಿಮ್ಮ ಮಷಿನ್‌ಗೂ ಸೋಮವಾರ ಉಪಾಸ ಏನ್ರಿ ಬಾಯಾರ?" ಎಲ್ಲರೂ ನಕ್ಕರು. ಅವಳು ನಗಲಿಲ್ಲ, ನೋಟುಬುಕ್ಕಿನಲ್ಲಿ ಏನೋ ಬರೆದುಕೊಂಡಳು.

ಮತ್ತೆರಡು ಸೋಮವಾರವೂ ಸ್ವಿಚ್ಚು ಆರಿಸಿದೆ, ಪರದೆ ಕೆಂಪಾಯಿತು. ಕಚೇರಿಯ ಮಾಲೀಕರು ಅವಳನ್ನು ಕರೆಸಿದರು. ನಾನು ಚಹಾ ಇಡುತ್ತಿದ್ದೆ. "ಬರೂ ಸೋಮವಾರನೂ ಹಿಂಗ ಆತಂದ್ರ ಹಳೇ ಪದ್ಧತಿನ ಇರಲಿ. ನಿಮಗೂ ಇಲ್ಲಿ ಬ್ಯಾರೆ ಕೆಲಸ ಇಲ್ಲ ನೋಡ್ರಿ" ಎಂದರು. ಅವಳು ಬಟ್ಟಲು ಮುಟ್ಟಲಿಲ್ಲ.

ಆ ಸೋಮವಾರ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೆ. ವಿಭೂತಿ ತಂದಿರಲಿಲ್ಲ. ಇದು ಬಸವಣ್ಣನ ವಾರ, ಪದ್ಧತಿ ಮುರಿಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಅವಳು ಮೋಸಗಾತಿ ಎಂಬುದು ರುಜುವಾತಾಗಲಿ ಎಂದು ಕಾದಿದ್ದೆ. ರುಜುವಾತನ್ನು ನಾನೇ ಮಾಡಿದೆ. ಒತ್ತಿದೆ.

ಅವಳು ಮರುದಿನದಿಂದ ಬರಲಿಲ್ಲ. ಸಂಜೆಯ ತಾಸು ತಿರುಗಿ ಬಂತು, ಗಿರಮಿಟ್ಟೂ ಬಂತು. ಒಂದು ದಿನ ಜಗಲಿಯಲ್ಲಿ ಹಿರಿಯ ಹುಡುಗ ಚಹಾ ಊದುತ್ತ, "ಆಕಿ ಮಾಡಿದ್ದು, ನಾವು ಮಾಡಿದ್ದು ಎರಡೂ ತಾಳೆ ಹಾಕಿ ನೋಡಿದ್ನಿ ಕಾಕಾ. ಒಂದ ಅಕ್ಷರನೂ ಫರಕ್ ಇಲ್ಲ. ಚೊಲೋ ಕೆಲಸ ಇತ್ತು" ಎಂದ. ಮೂಟೆ ತಳದವರೆಗೂ ಒಣಗಿತ್ತು. ಆ ದಿನ ಚಹಾದ ಬಟ್ಟಲು ತೊಳೆಯುವಾಗ ಎರಡು ಒಡೆದೆ.

ಮಾಲೀಕರಿಗೆ ಎಲ್ಲ ಹೇಳಿದೆ. ಅವರು, "ಮೊದಲು ಆಕಿಗೆ ಹೇಳಿ ಬರ್ರಿ" ಎಂದರು.

ಮುನವಳ್ಳಿಗೆ ಹೋದೆ. ಅವಳು ತಮ್ಮ ಮನೆಯ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು. ಹೇಳಿ ಮುಗಿಸಿದೆ. ಒಳಗೆ ಹೋಗಿ ಆ ನೋಟುಬುಕ್ಕು ತಂದಳು. ಒಂದೊಂದು ಸೋಮವಾರಕ್ಕೂ ಒಂದೊಂದು ಪುಟ: ಸೆಕೆಯೇ, ವೈರೇ, ಭಾರವೇ. ಕೊನೆಯ ಪುಟದಲ್ಲಿ ಒಂದೇ ಸಾಲು: ನನಗೇ ಬರುವುದಿಲ್ಲವೇನೋ.

"ಮೊದಲ ಸ್ವಿಚ್ ತೆಗದಿದ್ದು ಇರಲಿ ಕಾಕಾ, ಆಗ ನಿಮಗ ಗೊತ್ತಿರಲಿಲ್ಲ" ಎಂದಳು. "ನಾ ಬಂದು ಕೇಳಿದ್ನಲ್ಲ, ಅವತ್ಯಾಕ ಹೇಳಲಿಲ್ಲ?"

ಖಾಲಿ ಲೋಟ ಕಟ್ಟೆಯ ಮೇಲಿಟ್ಟು ಎದ್ದೆ.

ಮಾಲೀಕರು ಅವಳನ್ನು ಮತ್ತೆ ಕರೆಸಿದರು, ಬಂದಳು. ನನ್ನನ್ನೂ ತೆಗೆಯಲಿಲ್ಲ. ತೆಗೆದಿದ್ದರೆ ಹಗುರವಾಗುತ್ತಿತ್ತು. ಈಗ ಕಂಪ್ಯೂಟರು ಸೋಮವಾರವೂ ದುಡಿಯುತ್ತದೆ. ಅವಳು ನನ್ನನ್ನು ಕಾಕಾ ಎಂದೇ ಕರೆಯುತ್ತಾಳೆ, ಮನೆಯ ಶೇಂಗಾ ಹಿಂಡಿ ತಂದರೆ ನನಗೂ ಒಂದು ಚಮಚ ಹಾಕುತ್ತಾಳೆ. ಆದರೆ ಪರದೆಯ ಮೇಲೆ ಕೆಂಪು ಕಂಡ ದಿನ, ಬಾಗಿಲ ಬಳಿ ಕುಳಿತ ನನ್ನನ್ನು ದಾಟಿ, ಮೆಟ್ಟಿಲಿಳಿದು ಹೋಗಿ, ಕರೆಂಟ್ ಹೋಗಿತ್ತೇನ್ರಿ ಎಂದು ಗೊಬ್ಬರದಂಗಡಿಯವನನ್ನು ಕೇಳಿ ಬರುತ್ತಾಳೆ.