ನಾನು ಹುಟ್ಟಿಸಿದ ಹಣ್ಣಿನ ಹೆಸರು

ಇವತ್ತು ಡಬ್ಬಿಯಿಂದ ಮುರುಗಲು ಹಣ್ಣಿನ ನಾಲ್ಕು ಒಣಸಿಪ್ಪೆ ತೆಗೆದು ಬಿಸಿನೀರಿಗೆ ಹಾಕಿದೆ. ನೀರು ಕೆಂಪಗಾಗುವ ಮೊದಲೇ ನನ್ನ ಕಿವಿ ಬೆಚ್ಚಗಾಯಿತು. ಒಬ್ಬರೇ ಇದ್ದಾಗಲೂ ನಾಚಿಕೆ ತರುವ ನೆನಪು ನಿಮಗೂ ಒಂದೆರಡು ಇರಬೇಕು.

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಧಾರವಾಡದಿಂದ ಬಾನ್‌ಗೆ ಬಂದ ಹೊಸತು. ಹೆಂಡತಿ ವೀಸಾಕ್ಕಾಗಿ ಕುಮಟೆಯ ತವರಿನಲ್ಲಿ ಕಾಯುತ್ತಿದ್ದಳು. ಮನೆಯೊಡತಿ ಫ್ರಾವ್ ಕೆಲ್ಲರ್ ಸಸ್ಯಶಾಸ್ತ್ರದ ನಿವೃತ್ತ ಟೀಚರು. ಭಾನುವಾರ ಕಾಫಿಗೆ ಕರೆದು, ಶತಮಾನಗಳ ಹಿಂದೆ ಗೋವೆಯಲ್ಲಿ ನೆಲೆಸಿದ್ದ ಒಬ್ಬ ಪೋರ್ಚುಗೀಸ್ ವೈದ್ಯನ ವಿಷಯ ಹೇಳುತ್ತಿದ್ದರು. ಊರ ವೈದ್ಯರನ್ನೂ ವ್ಯಾಪಾರಿಗಳನ್ನೂ ಕೇಳಿ ಕೇಳಿ ನಮ್ಮ ಗಿಡಮೂಲಿಕೆಗಳ ಮೇಲೆ ಪುಸ್ತಕ ಬರೆದವನಂತೆ. ಗುಟ್ಟಾಗಿ ಯಹೂದಿಯಾಗಿದ್ದ ಎಂದು, ಸತ್ತು ವರ್ಷಗಳಾದ ಮೇಲೆ ಚರ್ಚಿನ ವಿಚಾರಣೆಯವರು ಅವನ ಎಲುಬನ್ನು ಅಗೆದು ಸುಟ್ಟರಂತೆ. ಅವನ ಬಗ್ಗೆ ಆಕೆ ಒಂದು ಪುಟ್ಟ ಪುಸ್ತಿಕೆ ಬರೆಯುತ್ತಿದ್ದರು.

ಗೋವೆ ನಮ್ಮ ಪಕ್ಕದ್ದೇ ಎಂದು ನಾನು ಜಂಬ ಕೊಚ್ಚಿದ್ದೇ ತಪ್ಪಾಯಿತು. ಆತ ಬಣ್ಣಿಸಿದ್ದ ಕೆಂಪನೆಯ ಹುಳಿಹಣ್ಣಿಗೆ ಕನ್ನಡದಲ್ಲಿ ಏನೆನ್ನುತ್ತೀರಿ ಎಂದು ಕೇಳಿದರು. ನಾನು ಅದನ್ನು ಕಂಡವನೇ ಅಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಕೆಂಪುಹುಳಿ" ಎಂದುಬಿಟ್ಟೆ. ಆಕೆ ಮೂರು ಸಲ ಹೇಳಿಸಿಕೊಂಡು ಬರೆದುಕೊಂಡರು.

ಹೆಂಡತಿ ಬಂದಾಗ ಪುಸ್ತಿಕೆ ಅಚ್ಚಾಗಿತ್ತು. ಫ್ರಾವ್ ಕೆಲ್ಲರ್ ಅವರನ್ನು ಊಟಕ್ಕೆ ಕರೆದೆವು. ಹೆಂಡತಿ ಮಾಡಿದ ಸಾರಿನಲ್ಲಿ ತೇಲುತ್ತಿದ್ದ, ಅವಳು ಕುಮಟೆಯಿಂದ ತಂದ ಸಿಪ್ಪೆಯನ್ನು ಚಮಚದಲ್ಲಿ ಎತ್ತಿ, ಇದೇ ಕೆಂಪುಹುಳಿಯೇ ಎಂದು ಸಂಭ್ರಮದಿಂದ ಕೇಳಿದರು. ಹೆಂಡತಿ ನನ್ನತ್ತ ತಿರುಗಿದಳು.

"ಹಂಗಂದ್ರೆ ಎಂತದು? ಇದು ಮುರುಗಲು ಅಲ್ದಾ?"

"ನಾನss ಹುಟ್ಟಿಸಿದ ಹೆಸರು ಅದು" ಎಂದೆ.

ಆಮೇಲೆ ಅದನ್ನೇ ಜರ್ಮನ್‌ನಲ್ಲಿ ಹೇಳಬೇಕಾಯಿತು. ನನ್ನ ಹರಕು ಜರ್ಮನ್‌ನಲ್ಲಿ ಸುಳ್ಳಿಗೆ ಹೊದಿಸಲು ಬೇರೆ ಮಾತೇ ಇರಲಿಲ್ಲ. ಫ್ರಾವ್ ಕೆಲ್ಲರ್ ಚಮಚ ಕೆಳಗಿಟ್ಟರು.

"ಆ ವೈದ್ಯ ತಾನು ಕಾಣದ್ದನ್ನು ಕಂಡಿಲ್ಲ ಅಂತಲೇ ಬರೆದ," ಎಂದರು. "ಅದಕ್ಕೇ ಅವನನ್ನು ನಂಬಿದ್ದೆ."

ಮತ್ತೆ ಚಮಚ ಎತ್ತಿಕೊಂಡರು. ಸಾರನ್ನು ಪೂರ್ತಿ ಕುಡಿದರು.

ಮುಂದಿನ ಭಾನುವಾರ ಪುಸ್ತಿಕೆಗಳ ಕಟ್ಟು ಬಿಚ್ಚಿ ಮೂವರೂ ಕೂತೆವು. ತಿದ್ದುಪಡಿಯ ಚೀಟಿಗಳ ಮೇಲೆ ಹೆಂಡತಿ ಕನ್ನಡದಲ್ಲಿ "ಮುರುಗಲು" ಎಂದು ಬರೆದಳು; ನಾನು ಅಂಟು ಹಚ್ಚಿದೆ. ಚೀಟಿಯ ಜರ್ಮನ್ ಸಾಲುಗಳನ್ನು ನಿಧಾನವಾಗಿ ಓದಿಕೊಂಡೆ. ಸರಿಯಾದ ಹೆಸರು ಹೇಳಿದ್ದಕ್ಕೆ ನನ್ನ ಹೆಂಡತಿಗೆ ವಂದನೆ. ವಿಚಾರಿಸದೆ ಬರೆದ ತಪ್ಪು ಲೇಖಕಿಯದು ಎಂದಿತ್ತು. ನನ್ನ ಹೆಸರು ಎಲ್ಲೂ ಇರಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಈಗಷ್ಟೇ ಮಗಳು ಬಂದು, ಎದುರಿನ ಬೇಲಿಗೆ ಹಬ್ಬಿದ ಬಳ್ಳಿ ಯಾವುದು ಎಂದು ಜರ್ಮನ್‌ನಲ್ಲಿ ಕೇಳಿದಳು.

"ನಂಗ ಗೊತ್ತಿಲ್ಲವ್ವಾ," ಎಂದೆ. "ಬಾ, ಹೋಗಿ ಆ ಮನಿಯವರನ್ನss ಕೇಳೂಣು."