ತಿರುಗಿಸಿ ನೋಡದ ಎಲೆ

ಪರದೇಶದ ಬಡಾವಣೆ ಪಿಯಾರಾ ವಾಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್, ಗಣಿ ಕಂಪನಿಗಳಿಗಾಗಿ ಗಿಡ ಗುರುತಿಸುವ ಕೆಲಸ ಮಾಡುತ್ತಿದ್ದರು. ಅಪರೂಪದ ಗಿಡವೇನೂ ಇಲ್ಲ ಎಂದು ಅವರು ಬರೆದುಕೊಟ್ಟ ಮೇಲೆಯೇ ಗಣಿಯವರು ಬಂಡೆ ಒಡೆಯುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಅಲ್ಲಿ ಹೂ ಬಿಡುವ ಕಾಲಕ್ಕೆ ನಮ್ಮನ್ನೂ ಗುಡ್ಡಕ್ಕೆ ಕರೆದೊಯ್ಯುವರು. ಒಣಬಂಡೆಯ ಬಿರುಕಿನಲ್ಲಿ ಕಡಲೆಕಾಳಿನಷ್ಟು ಹಳದಿ ಹೂ ಕಂಡರೆ ಸಾಕು, ಮಂಡಿಯೂರಿ, ಕೊರಳಲ್ಲಿ ತೂಗುವ ಭೂತಗನ್ನಡಿ ಹಿಡಿದು, ಕಿರುಬೆರಳಿನಿಂದ ಎಲೆ ಮಗುಚುತ್ತಿದ್ದರು.

"ಹೂವು ನೋಡಿ ಮೋಸ ಹೋಗ್ಬೇಡಿ. ಎಲೆ ತಿರುಗಿಸಿ ನೋಡಿ."

ಒಂದು ಗೌರಿ ಹಬ್ಬಕ್ಕೆ ಆಂಟಿಗೆ ಬಾಗಿನ ಕೊಡಲು ಮಗಳ ಜೊತೆ ಹೋಗಿದ್ದೆ. ಅಂಕಲ್ ಹೊಸ ಪಂಚೆಯುಟ್ಟು ಹಳೆಯ ಪಂಚಾಂಗವೊಂದನ್ನು ಬಿಡಿಸಿ ಕೂತಿದ್ದರು. ಹಾಳೆಗಳ ನಡುವೆ ಅದೇ ಥರದ ಹಳದಿ ಹೂವಿನ ಗಿಡ, ಒಣಗಿ ಚಪ್ಪಟೆಯಾಗಿತ್ತು.

"ಎಷ್ಟೋ ವರ್ಷದ ಹಿಂದೆ, ಇದೇ ಹಬ್ಬದ ಹಿಂದಿನ ದಿನ ಗಣಿ ಸೈಟಲ್ಲಿದ್ದೆ," ಎಂದರು, ನಾನು ಕೇಳದೆಯೇ. "ಫ್ಲೈಟ್ ತಪ್ಪಿದ್ರೆ ಪೂಜೆಗೆ ಮನೆ ಸೇರೋ ಹಾಗಿರ್ಲಿಲ್ಲ. ಮೇಲಿಂದ ನೋಡಿ ಮಾಮೂಲಿ ಜಾತಿ ಅಂತ ಬರೆದು, ಇದೊಂದನ್ನ ಕಿತ್ಕೊಂಡು ಬಂದ್ಬಿಟ್ಟೆ. ಎಲೆ ತಿರುಗಿಸಿದ್ದು ಮನೇಲಿ, ಎರಡು ವಾರ ಆದ್ಮೇಲೆ. ಅಡಿಯಲ್ಲಿ ಬಿಳಿ ರೋಮ. ಬೇರೇನೇ ಜಾತಿ. ಫೋನ್ ಮಾಡೋಷ್ಟರಲ್ಲಿ ಬಂಡೆ ಸಿಡಿಸಾಗಿತ್ತು. ಆಮೇಲೆ ಪ್ರತಿ ವರ್ಷ ಹುಡುಕ್ತಾನೇ ಇದೀನಿ. ಎಲ್ಲೂ ಸಿಕ್ಕಿಲ್ಲ."

ಒಳಗೆ ಆಂಟಿ ಗಂಟೆ ಬಾರಿಸುತ್ತಿದ್ದರು. ಅಂಕಲ್ ಏಳಲಿಲ್ಲ.

ಗುಡ್ಡದಲ್ಲಿ ಅವರು ಕಲಿಸಿದ್ದಂತೆ ನನ್ನ ಮಗಳು ಆ ಒಣಗಿದ ಎಲೆಯತ್ತ ಕಿರುಬೆರಳು ಚಾಚಿದಳು. ಅಂಕಲ್ ಥಟ್ಟನೆ ಅವಳ ಕೈ ಹಿಡಿದರು.

"ತಿರುಗಿಸ್ಬೇಡ ಪುಟ್ಟಿ, ಪುಡಿಯಾಗ್ಬಿಡುತ್ತೆ. ಇರೋದು ಇದೊಂದೇ."