ದ್ರವ ಗಾಳಿಯೊಡನೆ ಗುಬ್ಬಿಗೆ, ಬರಿಗೈಯಲ್ಲಿ ಕುಣಿಗಲ್ಲಿಗೆ

ನನ್ನ ತಮ್ಮ ಮಲ್ಲುವಿಗೆ ಗುಬ್ಬಿಯಲ್ಲೇ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಹೇಳಲಿಲ್ಲ. ರೈಲಿನಲ್ಲಿ ಹೇಳಬಹುದಿತ್ತು. ಆಸ್ಪತ್ರೆಯ ಜಗಲಿಯಲ್ಲಿ ಹೇಳಬಹುದಿತ್ತು. ಮಾರನೆಯ ದಿನ ಕುಣಿಗಲ್ ಬಸ್ಸಿನಲ್ಲಂತೂ ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂತಿದ್ದೆವು. ಪ್ರವಾಸ ಹೋದವರು ನೋಡಿದ್ದನ್ನು ಬರೆಯುತ್ತಾರೆ. ನಾನು ಆ ಎರಡು ದಿನದ ತಿರುಗಾಟವನ್ನು ಬರೆಯಲು ಕೂತರೆ ಊರು ಕೇರಿಗಿಂತ ಮುಂಚೆ, ನಾಲಿಗೆಯವರೆಗೆ ಬಂದು ಹಿಂದಕ್ಕೆ ಹೋದ ಆ ಮಾತೇ ನೆನಪಾಗುತ್ತದೆ.

ಚೀನಾ ಯುದ್ಧ ಮುಗಿದ ಮರುವರ್ಷ, ಚಳಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಮಲ್ಲು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದ್ದ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವನು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು: ಲೋಹಗಳನ್ನು ತಣ್ಣಗೆ ಮಾಡುತ್ತಾ ಹೋದಷ್ಟೂ ಅವುಗಳಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಸೀಸ, ತವರದಂಥವು ನಮ್ಮ ಊಹೆಗೂ ಸಿಗದಷ್ಟು ಚಳಿಗೆ ಇಳಿದಾಗ ಕರೆಂಟಿಗೆ ಅಡ್ಡಿ ಮಾಡುವುದನ್ನೇ ನಿಲ್ಲಿಸಿಬಿಡುತ್ತವೆ. ಅಂಥ ಲೋಹದ ಬಳೆಯೊಳಗೆ ಒಮ್ಮೆ ಕರೆಂಟು ಹರಿಯತೊಡಗಿದರೆ ಆಮೇಲೆ ಯಾರೂ ತಳ್ಳದೆ ತಾನೇ ಸುತ್ತುತ್ತಿರುತ್ತದೆ. ಅಷ್ಟು ಚಳಿ ಮಾಡುವ ಯಂತ್ರ ಬೆಂಗಳೂರಿನಲ್ಲಿ ಇರಲಿಲ್ಲ, ದೆಹಲಿಯಲ್ಲಿತ್ತು. ಅವನ ಪ್ರೊಫೆಸರು ಅವನನ್ನು ಅಲ್ಲಿಗೆ ಕಳಿಸುವ ಯೋಚನೆಯಲ್ಲಿದ್ದರು.

ನನಗೆ ಅದು ಬೇಡವಾಗಿತ್ತು. ನಮ್ಮವ್ವ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ನಾನು. ಕುಣಿಗಲ್ ಹೈಸ್ಕೂಲಿನ ಹೆಡ್‌ಮಾಸ್ಟರು ನಮ್ಮ ಯಜಮಾನರ ಕಡೆ ನೆಂಟರು. ಅವರಿಗೆ ಹೇಳಿಸಿ ಸೈನ್ಸ್ ಮೇಷ್ಟರ ಕೆಲಸವೊಂದನ್ನು ಅವನಿಗಾಗಿ ಕಾಯ್ದಿರಿಸಿದ್ದೆ. ಮಲ್ಲು ನಕ್ಕು, "ಕೆಲಸದ ಮಾತು ಬೇಡ ಅಕ್ಕ. ಬೇಕಾದ್ರೆ ಬಂದು ಮಕ್ಕಳಿಗೆ ಒಂದು ಪ್ರಯೋಗ ತೋರಿಸಿ ಹೋಗ್ತೀನಿ" ಎಂದಿದ್ದ. ಗುಬ್ಬಿಯ ಹೈಸ್ಕೂಲಿನಲ್ಲಿ ಅವನ ಜೊತೆ ಓದಿದವನೊಬ್ಬ ಮೇಷ್ಟರಾಗಿದ್ದ. ಅವನೂ ಕರೆದದ್ದರಿಂದ ಮೊದಲ ದಿನ ಪ್ರಯೋಗ ಅಲ್ಲಿ, ಮಾರನೆಯ ದಿನ ಕುಣಿಗಲ್ಲಿನಲ್ಲಿ ಎಂದು ನಿಶ್ಚಯವಾಯಿತು.

ತುಮಕೂರಿನ ಪಕ್ಕದ ಮರಳೂರಿನ ನಮ್ಮ ಮನೆಗೆ ಅವನು ಬಂದಾಗ ಕೈಯಲ್ಲಿ ಎರಡು ಸಾಮಾನುಗಳಿದ್ದವು. ಒಂದು ಹಾಲಿನ ಕ್ಯಾನಿನಂಥ ಲೋಹದ ಡಬ್ಬಿ. ಅದರೊಳಗೆ ದ್ರವ ಗಾಳಿ. ಗಾಳಿಯನ್ನೇ ತಣ್ಣಗೆ ಮಾಡಿ ಮಾಡಿ ನೀರಾಗಿಸಿದ್ದಂತೆ. ಬಾಯಿಯಿಂದ ಸದಾ ಬಿಳಿ ಹೊಗೆ ಏಳುತ್ತಿತ್ತು. ಇನ್ನೊಂದು, ಹುಲ್ಲು ತುಂಬಿದ ಬುಟ್ಟಿಯಲ್ಲಿ ಗಾಜಿನ ದೊಡ್ಡ ಫ್ಲಾಸ್ಕು. ಕಾಫಿ ಫ್ಲಾಸ್ಕಿನ ಒಳಗಿನ ಗಾಜನ್ನು ಹೊರಗೆ ತೆಗೆದಂತೆ ಇತ್ತು. ಒಂದು ಕಡೆ ಮಾತ್ರ, ಒಳಗಿನದು ಕಾಣಲೆಂದು, ಬೆಳ್ಳಿ ಬಳಿಯದೆ ಬಿಟ್ಟಿದ್ದರು. ಜರ್ಮನಿಯಿಂದ ಬಂದದ್ದು. ಯುದ್ಧವಾದ ಮೇಲೆ ಅಂಥವು ತರಿಸುವುದೇ ಕಷ್ಟವಾಗಿ, ಪ್ರೊಫೆಸರು ಹತ್ತು ಸಲ ಹೇಳಿ ಕೊಟ್ಟಿದ್ದರು. ನನ್ನ ಮಕ್ಕಳ ಕೈಗೆ ಸಿಗದಿರಲಿ ಎಂದು ಅಡುಗೆಮನೆಯ ಮೇಲಿನ ಹಲಗೆಯ ಮೇಲಿಟ್ಟು, "ಇದರೊಳಗೆ ಕೈ ಹಾಕ್ಬೇಡ ಅಕ್ಕ" ಎಂದ. ಯಾಕೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮಲ್ಲಿ ಹೊರಗಿನಿಂದ ಬಂದ ಯಾವ ಪಾತ್ರೆಯೂ ತೊಳೆಯದೆ ಅಡುಗೆಮನೆಯಲ್ಲಿ ಕೂರುವುದಿಲ್ಲ. ಆ ಫ್ಲಾಸ್ಕಿನ ಒಳಗೆ ತಳದಲ್ಲಿ ಮಬ್ಬು ಕಲೆಯಿತ್ತು, ಏನೋ ಎಣ್ಣೆಯ ವಾಸನೆಯೂ ಇತ್ತು. ಮಲ್ಲು ಸ್ನಾನಕ್ಕೆ ಹೋದಾಗ ಅದನ್ನು ಇಳಿಸಿಕೊಂಡೆ. ಕೈ ಒಳಗೆ ಹೋಗಲಿಲ್ಲ. ಕೋಲಿನ ತುದಿಗೆ ತೆಂಗಿನ ನಾರು ಕಟ್ಟಿ, ಒಲೆಯ ಬೂದಿಗೆ ಹಿತ್ತಾಳೆ ಉಜ್ಜುವ ಇಟ್ಟಿಗೆ ಪುಡಿ ಸೇರಿಸಿ, ತಳ ಥಳಥಳ ಎನ್ನುವವರೆಗೆ ತಿಕ್ಕಿದೆ. ಮೂರು ನೀರು ಹಾಕಿ ಜಾಲಿಸಿ ಒರಗಿಸಿದೆ. ಸಾಮಾನು ಚೊಕ್ಕಟವಾಯಿತೆಂದು ಸಂತೋಷವೂ ಆಯಿತು.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿಂದು ಸ್ಟೇಷನ್ನಿಗೆ ಹೊರಟೆವು. ತುಮಕೂರಿನಿಂದ ಗುಬ್ಬಿಗೆ ಹನ್ನೆರಡು ಮೈಲಿ. ಬಸ್ಸು ಬೇಕಾದಷ್ಟಿದ್ದರೂ ಗುಂಡಿ ರಸ್ತೆಯಲ್ಲಿ ಕುಲುಕಾಡಿ ಗಾಜಿಗೆ ಪೆಟ್ಟಾದೀತೆಂದು ಮಲ್ಲು ರೈಲೇ ಆಗಬೇಕೆಂದ. ಡಬ್ಬಿ ಅವನ ಕಾಲ ಹತ್ತಿರ, ಫ್ಲಾಸ್ಕಿನ ಬುಟ್ಟಿ ನನ್ನ ತೊಡೆಯ ಮೇಲೆ. ಅದನ್ನು ಹಿಡಿದುಕೊಳ್ಳಲೆಂದೇ ನನ್ನನ್ನು ಕರೆದುಕೊಂಡು ಹೊರಟಿದ್ದು. ಎದುರಿಗೆ ಕೂತಿದ್ದವರು ತಿಪಟೂರಿಗೆ ಕೊಬ್ಬರಿ ವ್ಯಾಪಾರಕ್ಕೆ ಹೊರಟಿದ್ದ ಪೇಟದ ಯಜಮಾನರು.

"ಏನ್ ಸ್ವಾಮಿ ಅದು, ಹೊಗೆ ಆಡ್ತಾ ಐತೆ?"

"ಗಾಳಿ, ಯಜಮಾನ್ರೇ" ಎಂದ ಮಲ್ಲು.

"ಗಾಳೀನಾ! ಗಾಳೀನ ಡಬ್ಬಿಗಾಕ್ಕಂಡು ಗುಬ್ಬಿಗೆ ಹೊಂಟಿದ್ದೀರಾ? ಅಲ್ಲೇ ಪುಕ್ಸಟ್ಟೆ ಬೀಸ್ತದಲ್ಲ!"

ಬೋಗಿಯಲ್ಲಿದ್ದವರೆಲ್ಲ ನಕ್ಕರು, ಮಲ್ಲುವೂ ನಕ್ಕ. ಯಜಮಾನರು ನನ್ನ ತೊಡೆಯ ಮೇಲಿದ್ದುದನ್ನು ತೋರಿಸಿ, "ಆ ಗಾಜು ತಡೀತದಾ ಅಷ್ಟು ಚಳೀನ?" ಎಂದರು.

"ತಡೆಯುತ್ತೆ. ಆದರೆ ಒಳಗಡೆ ಕೂದಲೆಳೆಯಷ್ಟು ಗೀರು ಇರಬಾರದು. ಗೀರಿದ್ರೆ ಚಳಿ ತಗುಲಿದ ತಕ್ಷಣ ಅಲ್ಲಿಂದಲೇ ಸೀಳಿ ಸಿಡಿಯುತ್ತೆ. ಅದಕ್ಕೇ ನಾವು ಬ್ರಷ್ ಕೂಡ ಹಾಕಲ್ಲ, ಸ್ಪಿರಿಟ್‌ನಲ್ಲಿ ಜಾಲಿಸ್ತೀವಿ ಅಷ್ಟೆ."

ರೈಲು ಮಲ್ಲಸಂದ್ರದಲ್ಲಿ ನಿಂತಿತ್ತು. ಕಿಟಕಿಯ ಹೊರಗೆ ಒಬ್ಬಳು ಸೌತೆಕಾಯಿ ಕೂಗುತ್ತಿದ್ದಳು. ಈಗಲೇ ಹೇಳಬೇಕು ಅಂದುಕೊಂಡೆ. ಅಷ್ಟು ಜನರ ಎದುರಿಗೆ ಪೆದ್ದಿ ಎನಿಸಿಕೊಳ್ಳಲು ಮನಸ್ಸು ಬರಲಿಲ್ಲ. ಇಳಿದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಇಳಿಯುವ ಹೊತ್ತಿಗೆ ಅವನ ಗೆಳೆಯ ಮೇಷ್ಟರು ಹುಡುಗರ ಹಿಂಡಿನೊಂದಿಗೆ ಪ್ಲಾಟ್‌ಫಾರಂ ಮೇಲೇ ಇದ್ದರು. ದಾರಿಯುದ್ದಕ್ಕೂ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ನಮ್ಮ ಮನೆಯ ಗಾಜಿನ ಲೋಟಗಳೂ ವರ್ಷಗಟ್ಟಲೆ ಬೂದಿಯಲ್ಲೇ ತೊಳೆದವು. ಯಾವುದು ಸಿಡಿದಿದೆ?

ಗುಬ್ಬಿಯ ಶಾಲೆಯ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಖೆ ವಿಪರೀತ. ಬುಟ್ಟಿಯಿಂದ ಫ್ಲಾಸ್ಕು ಎತ್ತಿದ ಮಲ್ಲು ಬೆಳಕಿಗೆ ಹಿಡಿದು, "ಇವತ್ತು ಹೊಸದರ ಹಾಗೆ ಹೊಳೀತಿದೆ ಅಲ್ವಾ ಅಕ್ಕ?" ಎಂದ. ನಾನು ತಲೆಯಾಡಿಸಿದೆ.

ಬಾಳೆಹಣ್ಣನ್ನು ಡಬ್ಬಿಯೊಳಗಿನ ದ್ರವ ಗಾಳಿಯಲ್ಲಿ ಅದ್ದಿ ತೆಗೆದು, ಅದರಿಂದಲೇ ಹಲಗೆಗೆ ಮೊಳೆ ಹೊಡೆದ. ರಬ್ಬರ್ ಚೆಂಡನ್ನು ಅದ್ದಿ ನೆಲಕ್ಕೆಸೆದರೆ ಮಡಕೆಯಂತೆ ಚೂರಾಯಿತು. ಹುಡುಗರ ಕೂಗಾಟಕ್ಕೆ ಹೆಂಚು ಹಾರುವಂತಿತ್ತು. ಆಮೇಲೆ ತಾಮ್ರದ ತಂತಿಯ ಸುರುಳಿಗೆ ಬ್ಯಾಟರಿ, ಬಲ್ಬು ಸೇರಿಸಿ, ಸುರುಳಿಯನ್ನು ಫ್ಲಾಸ್ಕಿನೊಳಗೆ ಇಳಿಬಿಟ್ಟ. ಬಲ್ಬು ಮಂಕಾಗಿ ಕೆಂಪಗೆ ಉರಿಯುತ್ತಿತ್ತು. ಡಬ್ಬಿ ಬಗ್ಗಿಸಿ ತೊಟ್ಟು ತೊಟ್ಟಾಗಿ ಸುರಿದ. ತಡೆದ. ಮತ್ತೆ ಸುರಿದ. ನಾನು ಅವನ ಕೈಯನ್ನು ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಎಳೆಗೂಸಿಗೆ ಹಾಲು ಕುಡಿಸುವಷ್ಟು ನಿಧಾನವಾಗಿ ಸುರಿಯುತ್ತಿದ್ದ. ಬಲ್ಬು ಹಳದಿಗೆ ತಿರುಗಿತು, ಬೆಳ್ಳಗಾಗುತ್ತಾ ಬಂತು. ಅಷ್ಟರಲ್ಲಿ ಠಪ್ಪೆಂದು ಸದ್ದು. ಮೇಜಿನ ತುಂಬ ಬಿಳಿ ಮೋಡ ಉರುಳಿತು.

ಅದೂ ಪ್ರಯೋಗದ ಭಾಗವೆಂದುಕೊಂಡು ಹುಡುಗರು ಚಪ್ಪಾಳೆ ತಟ್ಟಿದರು.

ಮೋಡ ಕರಗಿದಾಗ ಮಲ್ಲು ಹುಬ್ಬಿನ ಮೇಲೆ ಕೈಯೊತ್ತಿಕೊಂಡು ನಿಂತಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಆಸ್ಪತ್ರೆಯಲ್ಲಿ ಕಾಂಪೌಂಡರು ಚೂರು ತೆಗೆದು ಹೊಲಿಗೆ ಹಾಕುತ್ತಾ, "ಇನ್ನೊಂದು ಬೆರಳು ಕೆಳಗಾಗಿದ್ರೆ ಕಣ್ಣೇ ಹೋಗ್ತಿತ್ತು ಸಾಮಿ. ಮನೆದೇವ್ರಿಗೆ ಕಾಯಿ ಒಡೀರಿ" ಎಂದರು. ನಾನು ಹೊರಗೆ ಜಗಲಿಗೆ ಬಂದು ಕೂತೆ. ಮಲ್ಲು ಬಂದು ಪಕ್ಕದಲ್ಲಿ ಕೂತ.

"ಅವಸರ ಮಾಡ್ದೆ ಅಕ್ಕ. ಹುಡುಗ್ರು ಕೂಗ್ತಿದ್ರಲ್ಲ, ನನಗೂ ಹುಮ್ಮಸ್ಸು ಬಂತು. ಇನ್ನೂ ತಡೆದು ಸುರೀಬೇಕಿತ್ತು."

ಇಲ್ಲ ಎನ್ನಬೇಕಾಗಿತ್ತು. ನನ್ನ ಬಾಯಿಂದ ಬಂದದ್ದು, "ಹೋಗ್ಲಿ ಬಿಡು. ಗಾಜು ಅಂದ್ಮೇಲೆ ಒಡೆಯುತ್ತೆ."

ವಾಪಸು ಬರುವ ರೈಲಿನಲ್ಲಿ ಅವನು ತನ್ನ ಕೈಗಳನ್ನು ತೊಡೆಯ ಮೇಲೆ ಹರಡಿಕೊಂಡು ನೋಡುತ್ತಾ ಕೂತಿದ್ದ. ಹೆಗ್ಗೆರೆ ದಾಟಿದ ಮೇಲೆ ಹೇಳಿದ: "ದೆಹಲೀಲಿ ಅದಕ್ಕಿಂತ ದೊಡ್ಡ ಗಾಜಿನ ಸಾಮಾನು ಕೈಗೆ ಕೊಡ್ತಾರೆ. ಅದರ ಪಕ್ಕ ನಾಲ್ಕು ಜನ ನಿಂತಿರ್ತಾರೆ. ನನ್ನ ಕೈಯನ್ನ ನಾನೇ ನಂಬಲ್ಲ ಈಗ. ನಾಳೆ ಕುಣಿಗಲ್ಲಿಗೆ ಹೋಗಿ ಕೆಲಸ ಒಪ್ಕೊಂಡು ಬರ್ತೀನಿ."

ಇದನ್ನು ಬರೆಯದೆ ಮುಂದೆ ಹೋದರೆ ನಾನು ಬರೆದದ್ದೆಲ್ಲ ಸುಳ್ಳಾಗುತ್ತದೆ. ಆ ಮಾತು ಕೇಳಿ ನನಗೆ ಸಂತೋಷವಾಯಿತು. ಕುಣಿಗಲ್ಲಾದರೆ ಹಬ್ಬಕ್ಕೆ ಬರುತ್ತಾನೆ, ಹುಷಾರಿಲ್ಲದಿದ್ದರೆ ಬರುತ್ತಾನೆ ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಮೊದಲು ನಾಚಿಕೆಗೆ ಬಾಯಿ ಮುಚ್ಚಿದ್ದೆ. ಅಲ್ಲಿಂದ ಮುಂದೆ ಬೇಕೆಂದೇ ಮುಚ್ಚಿದೆ.

ಮಾರನೆಯ ದಿನ ಕುಣಿಗಲ್ ಬಸ್ಸು. ಇಪ್ಪತ್ತೆರಡು ಮೈಲಿ, ಗೂಳೂರು, ಹೆಬ್ಬೂರಿನ ಮೇಲೆ. ಡಬ್ಬಿಯನ್ನು ಹಿತ್ತಿಲಲ್ಲಿ ಬಿಟ್ಟು ಬಂದಿದ್ದೆವು. ಉಳಿದ ದ್ರವ ಗಾಳಿ ಹೊಗೆಯಾಗಿ ಹೋಗುತ್ತಿತ್ತು. ಕಂಡಕ್ಟರು ಮಲ್ಲುವಿನ ಹಣೆಯ ಪಟ್ಟಿ ನೋಡಿ, "ಏನ್ ಸಾ, ಕುಸ್ತಿಗೋಗಿದ್ರಾ? ಗೆದ್ರಾ ಸೋತ್ರಾ?" ಎಂದ.

"ಸೋತೆ ಕಣಪ್ಪ" ಎಂದ ಮಲ್ಲು.

ಹೆಬ್ಬೂರಿನಲ್ಲಿ ಬಸ್ಸಿನ ಎಂಜಿನ್ನು ಕುದಿದು ನಿಂತಿತು. ಕ್ಲೀನರ್ ನೀರು ತಂದು ಹಾಕುವವರೆಗೆ ಎಲ್ಲರೂ ಇಳಿದೆವು. ಬೇರೆ ದಿನವಾಗಿದ್ದರೆ ಮಲ್ಲು ನನ್ನನ್ನು ಮುಂದಕ್ಕೆ ಕರೆದುಕೊಂಡು ಹೋಗಿ ಬಿಸಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬೇಡವೆಂದರೂ ಹೇಳುತ್ತಿದ್ದ. ಆವತ್ತು ಹೊಂಗೆ ಮರದ ಕೆಳಗೆ ಸುಮ್ಮನೆ ನಿಂತ. ಎಳನೀರು ಕೊಡಿಸಿದೆ, ಅರ್ಧ ಕುಡಿದು ಇಟ್ಟ. ಬುಟ್ಟಿ ಹೊತ್ತ ಮುದುಕಿಯೊಬ್ಬಳು, "ಯಾಕವ್ವ, ನಿನ್ ತಮ್ಮ ಹಿಂಗ್ ಮಕ ಇಳೆಬಿಟ್ಕಂಡವ್ನೆ? ಹೆಣ್ಣು ನೋಡಕ್ಕೋಗಿ ಬ್ಯಾಡ ಅನ್ನಿಸ್ಕಂಡ್ನಾ?" ಎಂದಳು. ನಾನು ನಗಲು ನೋಡಿದೆ. ಆಗಲಿಲ್ಲ. ಬಸ್ಸು ಮತ್ತೆ ಹೊರಟ ಮೇಲೆ ಎರಡು ಸಲ "ಮಲ್ಲು" ಎಂದು ಕರೆದೆ. ಒಂದು ಸಲ ಗಂಟೆ ಎಷ್ಟೆಂದು ಕೇಳಿದೆ. ಇನ್ನೊಂದು ಸಲ ಗಾಯ ಉರಿಯುತ್ತಿದೆಯಾ ಎಂದು ಕೇಳಿದೆ.

ಕುಣಿಗಲ್ ಕೆರೆಯಲ್ಲಿ ನೀರು ಬೇಕಾದಷ್ಟಿತ್ತು. ಏರಿಯ ಮೇಲಿನ ಗಾಳಿ ಮುಖಕ್ಕೆ ಹಿತವಾಗಿತ್ತು. ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ಮೆತ್ತಗಿತ್ತು, ಚಟ್ನಿ ಖಾರ. ಶಾಲೆಗೆ ನಡೆದೇ ಹೋದೆವು.

ಹೆಡ್‌ಮಾಸ್ಟರು ಗಟ್ಟಿ ದನಿಯ, ಒಳ್ಳೆಯ ಮನುಷ್ಯ. "ಬಾರಪ್ಪಾ ಮಲ್ಲಿಕಾರ್ಜುನ! ತಣ್ಣಗಿನ ಗಾಳಿ ತರಲಿಲ್ವಾ? ಹೋಗ್ಲಿ ಬಿಡು, ನಮ್ಮ ಕೆರೆ ಗಾಳೀನೇ ತಣ್ಣಗಿದೆ." ಮಲ್ಲು ಕೆಲಸ ಒಪ್ಪಿಕೊಳ್ಳಲು ಬಂದದ್ದಾಗಿ ಹೇಳಿದ. "ಸಂಶೋಧನೆ ಬಿಟ್ಬಿಡ್ತೀಯಾ ಹಾಗಾದ್ರೆ?"

"ಹೂಂ ಸಾರ್. ನನ್ನ ಕೈಗೆ ಅದು ಒಗ್ಗಲ್ಲ."

"ನೋಡಮ್ಮ, ಕೊನೆಗೂ ನಿನ್ನಿಷ್ಟಾನೇ ಆಯ್ತು" ಎಂದು ಅವರು ನನ್ನ ಕಡೆ ನೋಡಿ ನಕ್ಕರು. "ಬಾ, ಸೈನ್ಸ್ ರೂಮು ತೋರಿಸ್ತೀನಿ."

ಸಣ್ಣ ಕೋಣೆ. ಗೋಡೆಗೆ ಒಂದು ಬೀರು, ನಡುವೆ ಉದ್ದನೆಯ ಮೇಜು. ಹೆಡ್‌ಮಾಸ್ಟರು ಬೀರುವಿನ ಬಾಗಿಲು ತೆರೆದು, "ಆ ದುಂಡು ಬುಂಡೆ ಈಚೆ ತೆಗಿಯಪ್ಪ. ಎಷ್ಟು ದಿನದಿಂದ ಧೂಳು ಹಿಡೀತಾ ಇದೆಯೋ" ಎಂದರು. ಕಾಯಿಸಲು ಇಡುವ ಸಾಧಾರಣ ಗಾಜಿನ ಬುಂಡೆ, ಅಂಗೈ ಅಗಲದ್ದು. ಮಲ್ಲು ಕೈ ಚಾಚಿದ. ಬೆರಳು ಗಾಜಿಗೆ ತಾಗುತ್ತಲೇ ನಡುಗತೊಡಗಿತು. ಎರಡನೆಯ ಕೈಯನ್ನೂ ತಂದ. ಅದೂ ನಡುಗಿತು. ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, ನೆಲ ನೋಡುತ್ತಾ, "ಸಾರ್, ನೀವೇ ತೆಗೀರಿ" ಎಂದ.

ಈ ಕೈಗಳು ಐದು ವರ್ಷದವಾಗಿದ್ದಾಗ, ನಾನು ದೀಪ ಹತ್ತಿಸುವ ಮುಂಚೆ ಅದರ ಗಾಜಿನ ಚಿಮಣಿಯನ್ನು ಒಂದು ಸದ್ದೂ ಇಲ್ಲದೆ ತೆಗೆದು ಒರೆಸಿ ಇಡುತ್ತಿದ್ದವು.

"ಮಲ್ಲು" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ನೀನು ಅವಸರ ಮಾಡ್ಲಿಲ್ಲ ಕಣೋ. ನಾನು ನೋಡ್ತಾನೇ ಇದ್ದೆ. ನಿಧಾನವಾಗೇ ಸುರಿದೆ ನೀನು."

"ನಿಂಗೇನು ಗೊತ್ತಾಗುತ್ತೆ ಬಿಡಕ್ಕ."

"ಗೊತ್ತು. ಅದು ಒಡೆಯೋ ಹಾಗೆ ಮಾಡಿದ್ದು ನಾನು. ಹಿಂದಿನ ದಿನ ನೀನು ಸ್ನಾನಕ್ಕೆ ಹೋದಾಗ ತಿಕ್ಕಿ ತೊಳೆದೆ."

ಅವನು ತಲೆಯೆತ್ತಿದ. "ಹೊರಗಡೆ ತಾನೆ?"

"ಒಳಗೆ. ಕೋಲಿಗೆ ನಾರು ಕಟ್ಕೊಂಡು. ಬೂದಿ, ಇಟ್ಟಿಗೆ ಪುಡಿ ಹಾಕಿ."

ಹೆಡ್‌ಮಾಸ್ಟರು ಬೀರುವಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದರು. ಹೊರಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಮಲ್ಲು ಬೀರುವಿನ ಹತ್ತಿರದಿಂದ ಸರಿದು ನನ್ನ ಎದುರಿಗೆ ಬಂದ.

"ರೈಲಲ್ಲಿ ನಾನು ಗೀರಿನ ವಿಷಯ ಹೇಳ್ದಾಗ ನೀನು ಪಕ್ಕದಲ್ಲೇ ಇದ್ದೆ."

"ಇದ್ದೆ. ನಾಚಿಕೆ ಆಯ್ತು."

"ಆಸ್ಪತ್ರೇಲಿ?"

"ಹೆದರಿದ್ದೆ."

"ವಾಪಸ್ ಬರ್ತಾ? ಇವತ್ತು ಬಸ್ಸಲ್ಲಿ?"

ಅದಕ್ಕೆ ಉತ್ತರ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. "ನಾನು ಬಾಯಿ ಮುಚ್ಕೊಂಡಿದ್ರೆ ನೀನು ಇಲ್ಲೇ ಉಳೀತೀಯ ಅಂತ."

ಅವನು ತನ್ನ ಕೈಗಳನ್ನು ನೋಡಿಕೊಂಡ. ನಾನು ಹತ್ತಿರ ಹೋಗಿ ಅವೆರಡನ್ನೂ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

"ತಪ್ಪಾಯ್ತು ಕಣೋ ಮಲ್ಲು. ತೊಳೆದದ್ದು ತಿಳೀದೆ ಮಾಡಿದ್ದು. ಈ ಕೈಗಳು ಕೆಟ್ಟವು ಅಂತ ನೀನು ಅಂದುಕೊಳ್ಳೋದನ್ನ ನೋಡ್ಕೊಂಡು ಸುಮ್ಮನಿದ್ದದ್ದು ತಿಳಿದೇ ಮಾಡಿದ್ದು. ನನ್ನನ್ನ ಕ್ಷಮಿಸು."